ಜನಪದ ಧ್ವನಿಮುದ್ರಣಗಳ ಪರಿಷ್ಕರಣೆ: ಈಕ್ವಲೈಸರ್ ಬಳಕೆಯ ಸಾಧ್ಯತೆ ಮತ್ತು ಮಿತಿ

ಪೀಠಿಕೆ

ಕನ್ನಡ ಜಾನಪದ ಅಧ್ಯಯನದಲ್ಲಿ ಪಠ್ಯದ ಪ್ರಾಮಾಣ್ಯವನ್ನು ಕುರಿತ ಚರ್ಚೆ ಹೊಸದೇನಲ್ಲ. ಮೊದಲ ತಲೆಮಾರಿನ ಸಂಗ್ರಾಹಕರಲ್ಲಿ ಕೆಲವರು ಹಾಡುಗಾರರ ಮಾತನ್ನು ಶಿಷ್ಟಭಾಷೆಗೆ ಒಗ್ಗಿಸಿ ಅಚ್ಚಿಗೆ ಕೊಟ್ಟರು. ಅನಂತರದ ವಿದ್ವಾಂಸರು ಈ ಕ್ರಮವನ್ನು ಪ್ರಶ್ನಿಸಿ, ವಕ್ತೃವಿನ ಉಚ್ಚಾರಣೆಯನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕೆಂಬ ಶಿಸ್ತನ್ನು ರೂಢಿಗೆ ತಂದರು. ವಕ್ತೃ ‘ಆಲು’ ಎಂದುದನ್ನು ‘ಹಾಲು’ ಎಂದು ತಿದ್ದಿ, ತಿದ್ದಿದ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿ ಕಾಣಿಸದೆ ಬಿಡುವುದು ಇಂದು ದೋಷವೆಂದೇ ಪರಿಗಣಿತವಾಗಿದೆ. ಆದರೆ ಇದೇ ಎಚ್ಚರ ಧ್ವನಿಮುದ್ರಣದ ವಿಷಯದಲ್ಲಿ ಕಾಣಬರುವುದಿಲ್ಲ. ಹಳೆಯ ಧ್ವನಿಸುರುಳಿಯೊಂದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಮಂದ್ರವನ್ನು ಕೊಂಚ ತಗ್ಗಿಸಿ, ತಾರವನ್ನು ಕೊಂಚ ಏರಿಸಿ, ಕಿವಿಗೆ ಹಿತವೆನಿಸಿದಲ್ಲಿಗೆ ನಿಲ್ಲಿಸುವುದು ಸಾಮಾನ್ಯ ಸಂಗತಿಯಾಗಿದೆ. ಏನನ್ನು ಎಷ್ಟು ಬದಲಿಸಲಾಯಿತೆಂಬ ದಾಖಲೆ ಎಲ್ಲಿಯೂ ಇರುವುದಿಲ್ಲ. ಅನೇಕ ಸಲ ಮೂಲ ಸುರುಳಿಯೂ ಆಮೇಲೆ ಉಳಿಯುವುದಿಲ್ಲ.

ಧ್ವನಿಯನ್ನು ಹೀಗೆ ತಿದ್ದುವ ಸಾಧನವೇ ಈಕ್ವಲೈಸರ್. ಕನ್ನಡದಲ್ಲಿ ಇದನ್ನು ಧ್ವನಿ ಸಮತೋಲಕವೆಂದು ಕರೆಯಬಹುದಾದರೂ ಬಳಕೆಯಲ್ಲಿ ನಿಂತಿರುವ ಹೆಸರು ಈಕ್ವಲೈಸರ್ ಎಂದೇ. ಈ ಸಾಧನ ಹೇಗೆ ಕೆಲಸ ಮಾಡುತ್ತದೆ, ಜನಪದ ಧ್ವನಿಮುದ್ರಣಗಳಿಗೆ ಅದರಿಂದಾಗುವ ಪ್ರಯೋಜನವೇನು, ಅದರ ಮಿತಿಯೆಲ್ಲಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈಕ್ವಲೈಸರ್ ಬಳಸುವುದೆಂದರೆ ಧ್ವನಿಯ ಪಾಠವನ್ನು ಸಂಪಾದಿಸುವುದೇ ಆಗಿದೆ. ಆದ್ದರಿಂದ ಗ್ರಂಥಸಂಪಾದನೆಯ ಶಿಸ್ತು ಇಲ್ಲಿಗೂ ಅನ್ವಯಿಸಬೇಕು ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ನಿದರ್ಶನಕ್ಕಾಗಿ ದಕ್ಷಿಣ ಬೆಂಗಳೂರನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಬನಶಂಕರಿ, ಜೆ.ಪಿ. ನಗರಗಳನ್ನು ಹಾದುಹೋಗುವ ಕನಕಪುರ ರಸ್ತೆ ಮುಂದೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಕಡೆಗೆ, ಅಂದರೆ ಮಲೆಯ ಮಾದೇಶ್ವರನ ಸೀಮೆಗೆ ಸಾಗುತ್ತದೆ. ಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ಭಕ್ತರು ತಂಡತಂಡವಾಗಿ ಈ ಕಡೆಯಿಂದಲೇ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೋಗುವುದುಂಟು. ಆ ಸೀಮೆಯಿಂದ ಬಂದು ಈ ಬಡಾವಣೆಗಳಲ್ಲಿ ನೆಲೆನಿಂತ ಮನೆಗಳಲ್ಲಿ ಮಾದೇಶ್ವರ, ಮಂಟೇಸ್ವಾಮಿ ಕಥನಗಳ ಕ್ಯಾಸೆಟ್ಟುಗಳು ಇಂದಿಗೂ ಅಟ್ಟದ ಮೇಲೆ ದೊರೆಯುತ್ತವೆ. ಅವುಗಳಲ್ಲಿ ಕೆಲವು ಅಂಗಡಿಯಿಂದ ಕೊಂಡವು. ಇನ್ನು ಕೆಲವು ಊರಿನ ಪರುವಿನಲ್ಲಿ ಮನೆಯವರೇ ಟೇಪ್ ರೆಕಾರ್ಡರ್ ಹಿಡಿದು ಮುದ್ರಿಸಿಕೊಂಡವು. ಎರಡನೆಯ ಬಗೆಯವಕ್ಕೆ ಜಗತ್ತಿನಲ್ಲಿ ಬೇರೊಂದು ಪ್ರತಿ ಇರುವುದಿಲ್ಲವೆಂಬುದು ಗಮನಾರ್ಹ.

ಧ್ವನಿಯ ಸ್ವರೂಪ

ಧ್ವನಿಯೆಂದರೆ ಗಾಳಿಯಲ್ಲಿ ಉಂಟಾಗುವ ಕಂಪನ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪನವಾಗುತ್ತದೆಂಬುದೇ ಅದರ ಕಂಪನಾಂಕ. ಇದರ ಮಾನ ಹರ್ಟ್ಜ್. ಮನುಷ್ಯನ ಎಳೆಯ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಕಂಪನಗಳನ್ನು ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಎಲ್ಲೆ ಕುಗ್ಗುತ್ತದೆ. ಈ ಹರವಿನಲ್ಲಿ ಎಲ್ಲ ಕಡೆಯೂ ಕಿವಿಯ ಸೂಕ್ಷ್ಮತೆ ಒಂದೇ ಸಮನಾಗಿಲ್ಲ. 2,000ದಿಂದ 5,000 ಹರ್ಟ್ಜ್ ನಡುವೆ ಅದು ಬಹಳ ಚುರುಕು, ಆಳವಾದ ಮಂದ್ರದಲ್ಲಿ ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ.

ಯಾವ ಕಂಠವೂ ಯಾವ ವಾದ್ಯವೂ ಒಂದೇ ಕಂಪನಾಂಕವನ್ನು ಹೊರಡಿಸುವುದಿಲ್ಲ. ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಉಪಸ್ವರಗಳೂ ಹುಟ್ಟುತ್ತವೆ. ಗಂಡುದನಿಯ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್, ಹೆಣ್ಣುದನಿಯದು 165ರಿಂದ 255 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ. ಹಾಡುವಾಗ ಇದು ಇನ್ನೂ ಮೇಲೇರುತ್ತದೆ. ಆದರೆ ಮಾತು ಅರ್ಥವಾಗುವುದು ಮೂಲಸ್ವರದಿಂದಲ್ಲ. ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವ ಗುರುತುಗಳು ಬಹುಮಟ್ಟಿಗೆ 2,000 ಹರ್ಟ್ಜ್‌ನ ಸುತ್ತಮುತ್ತ ಮತ್ತು ಅದರ ಮೇಲೆ ಇರುತ್ತವೆ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಆದ್ದರಿಂದಲೇ ಹೆಸರು ಬರೆಸುವಾಗ ‘ಸ’ಕಾರವೋ ‘ಫ’ಕಾರವೋ ಎಂದು ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ‘ಸ’ಕಾರದ ಬಲವೆಲ್ಲ ಆ ಎಲ್ಲೆಯ ಹೊರಗೆ, 5,000 ಹರ್ಟ್ಜ್‌ನ ಮೇಲೆ ಇರುವುದೇ ಇದಕ್ಕೆ ಕಾರಣ.

ಕನ್ನಡದ ದೃಷ್ಟಿಯಿಂದ ಇದು ಮುಖ್ಯವಾದ ಸಂಗತಿ. ‘ಬೆಲೆ’ ಮತ್ತು ‘ಬೆಳೆ’, ‘ಕಲೆ’ ಮತ್ತು ‘ಕಳೆ’ ಇವುಗಳ ನಡುವಣ ವ್ಯತ್ಯಾಸ ನಾಲಗೆ ಮಡಿಚುವುದರಿಂದ ಉಂಟಾಗುತ್ತದೆ. ಧ್ವನಿಯಲ್ಲಿ ಇದರ ಗುರುತು ಬಹುಪಾಲು 2,000ದಿಂದ 3,000 ಹರ್ಟ್ಜ್ ಪಟ್ಟಿಯಲ್ಲಿರುತ್ತದೆ. ‘ಹ’ಕಾರವಂತೂ ಬರಿಯ ಉಸಿರು. ಅದಕ್ಕೆ ತನ್ನದೇ ಆದ ಗಟ್ಟಿ ಸ್ವರವಿಲ್ಲ. ಹಳೆಯ ಮೈಸೂರು ಸೀಮೆಯ ಗ್ರಾಮ್ಯ ಕನ್ನಡದಲ್ಲಿ ಪದಾದಿಯ ‘ಹ’ಕಾರ ಬಿದ್ದುಹೋಗುವುದು ಎಲ್ಲರೂ ಬಲ್ಲ ಲಕ್ಷಣ. ಹೀಗಿರುವಾಗ ಸುರುಳಿಯಲ್ಲಿ ಕೇಳಿಬರುವುದು ‘ಹಾಡು’ ಎಂದೋ ‘ಆಡು’ ಎಂದೋ ಎಂಬ ಪ್ರಶ್ನೆ ಲಿಪ್ಯಂತರ ಮಾಡುವವನ ಮುಂದೆ ಬಂದಾಗ, ಅದು ವಕ್ತೃವಿನ ಉಪಭಾಷೆಯ ಲಕ್ಷಣವೋ ಅಥವಾ ಧ್ವನಿಯನ್ನು ‘ಶುದ್ಧಗೊಳಿಸಿದಾಗ’ ಉಸಿರು ಅಳಿಸಿಹೋದುದರ ಫಲವೋ ಎಂಬುದನ್ನು ನಿರ್ಣಯಿಸುವುದು ಕಠಿಣ. ಈಕ್ವಲೈಸರಿನ ಒಂದು ಗುಂಡಿ ಭಾಷಾವಿಜ್ಞಾನದ ಸಾಕ್ಷ್ಯವನ್ನೇ ಬದಲಿಸಬಲ್ಲದು.

ಈಕ್ವಲೈಸರ್: ಹುಟ್ಟು ಮತ್ತು ಬಗೆಗಳು

ಈ ಸಾಧನ ಮೊದಲು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ದೂರವಾಣಿಗಾಗಿ. ಉದ್ದನೆಯ ತಂತಿಯಲ್ಲಿ ಧ್ವನಿ ಸಾಗುವಾಗ ತಾರದ ಭಾಗ ಮಂದ್ರಕ್ಕಿಂತ ಹೆಚ್ಚು ಸವೆಯುತ್ತದೆ. ಸವೆದ ಭಾಗವನ್ನು ಎತ್ತಿ ಎಲ್ಲ ಕಂಪನಾಂಕಗಳನ್ನೂ ಮತ್ತೆ ಸಮಗೊಳಿಸುವ ವಿದ್ಯುನ್ಮಂಡಲಕ್ಕೆ ‘ಸಮ ಮಾಡುವುದು’ ಎಂಬ ಅರ್ಥದ ಈ ಹೆಸರು ಬಂದಿತು. ಮುಂದೆ ವಾಕ್ಚಿತ್ರಗಳ ಕಾಲದಲ್ಲಿ ಸಿನಿಮಾ ಧ್ವನಿಗೂ, ಅಲ್ಲಿಂದ ಧ್ವನಿಮುದ್ರಣ ಸ್ಟುಡಿಯೋಗಳಿಗೂ ಅದು ಹರಡಿತು. 1951ರಲ್ಲಿ ಬಂದ ಪಲ್ಟೆಕ್ ಯಂತ್ರ ಸ್ಟುಡಿಯೋಗಳಲ್ಲಿ ಪ್ರಸಿದ್ಧವಾಯಿತು. 1972ರಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಎಂಬ ತಂತ್ರಜ್ಞ ಪ್ಯಾರಾಮೆಟ್ರಿಕ್ ಈಕ್ವಲೈಸರಿನ ವಿವರವನ್ನು ಪ್ರಬಂಧವಾಗಿ ಮಂಡಿಸಿದ.

ಬಳಕೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಸಾಲಾಗಿ ಜಾರುಗುಂಡಿಗಳಿರುವ ಗ್ರಾಫಿಕ್ ಈಕ್ವಲೈಸರ್ ಒಂದು. 1980ರ ದಶಕದ ಸ್ಟೀರಿಯೋ ಡೆಕ್ಕುಗಳ ಮುಂಭಾಗದಲ್ಲಿ ಮಿನುಗುತ್ತಿದ್ದುದು ಇದೇ. ಹತ್ತು ಗುಂಡಿಗಳಿದ್ದರೆ ಅವು 31, 62, 125, 250, 500 ಹರ್ಟ್ಜ್ ಹೀಗೆ ಎರಡೆರಡು ಪಟ್ಟಾಗುತ್ತ 16,000ದವರೆಗೆ ಹೋಗುತ್ತವೆ. ಪ್ರತಿ ಗುಂಡಿಯೂ ತನ್ನ ಸುತ್ತಲಿನ ಒಂದು ಸ್ಥಾಯಿಯಷ್ಟು ಅಗಲದ ಪಟ್ಟಿಯನ್ನು ಏರಿಸುತ್ತದೆ ಇಲ್ಲವೆ ಇಳಿಸುತ್ತದೆ. ಎರಡನೆಯದು ಪ್ಯಾರಾಮೆಟ್ರಿಕ್. ಇಲ್ಲಿ ಯಾವ ಕಂಪನಾಂಕ, ಎಷ್ಟು ಡೆಸಿಬಲ್, ಎಷ್ಟು ಅಗಲ ಎಂಬ ಮೂರನ್ನೂ ಬಳಸುವವನೇ ನಿರ್ಧರಿಸುತ್ತಾನೆ. ಮೊದಲನೆಯದನ್ನು ಕುಡುಗೋಲಿಗೆ ಹೋಲಿಸಿದರೆ ಎರಡನೆಯದು ಉಗುರುಕತ್ತರಿ. ಇಂದು ಉಚಿತವಾಗಿ ದೊರೆಯುವ ಆಡಾಸಿಟಿಯಂತಹ ತಂತ್ರಾಂಶಗಳಲ್ಲಿಯೂ ಈ ಸೌಲಭ್ಯಗಳಿರುವುದರಿಂದ ಸಾಧನದ ಕೊರತೆ ಯಾವ ಸಂಶೋಧಕನಿಗೂ ಇಲ್ಲ.

ಆದರೆ ಒಂದು ಮೂಲಭೂತ ಸಂಗತಿಯನ್ನು ಮರೆಯಬಾರದು. ಈಕ್ವಲೈಸರ್ ಇರುವುದನ್ನು ಏರಿಳಿಸುತ್ತದೆಯೇ ಹೊರತು ಇಲ್ಲದುದನ್ನು ಸೃಷ್ಟಿಸುವುದಿಲ್ಲ. ಪಾತ್ರೆಯಲ್ಲಿದ್ದುದು ಮಾತ್ರ ಸೌಟಿಗೆ ಬರುತ್ತದೆಂಬ ಲೋಕಾನುಭವ ಇಲ್ಲಿಗೂ ಒಪ್ಪುತ್ತದೆ. ಅಲ್ಲದೆ ಒಂದು ಪಟ್ಟಿಯನ್ನು ಏರಿಸಿದಾಗ ಅದರೊಳಗಿರುವ ಎಲ್ಲವೂ ಏರುತ್ತವೆ. ಹಾಡಿನ ವ್ಯಂಜನವೂ ಸುರುಳಿಯ ‘ಸುಯ್’ ಸದ್ದೂ ಒಟ್ಟಿಗೇ ಮೇಲೆ ಬರುತ್ತವೆ.

ಧ್ವನಿವಾಹಕದ ದೋಷ ಮತ್ತು ಅದರ ಪರಿಹಾರ

ಈಕ್ವಲೈಸರಿನ ಬಳಕೆಯಲ್ಲಿ ವಿಧಿಗೆ ಸೇರಿದ್ದು ಮತ್ತು ರುಚಿಗೆ ಸೇರಿದ್ದು ಎಂದು ಎರಡು ಬಗೆಗಳನ್ನು ಕಲ್ಪಿಸಿಕೊಳ್ಳುವುದು ಅನುಕೂಲ. ತಟ್ಟೆ ಅಥವಾ ಸುರುಳಿಯ ಮೇಲೆ ಧ್ವನಿಯನ್ನು ಮುದ್ರಿಸುವಾಗ ತಾಂತ್ರಿಕ ಕಾರಣಗಳಿಗಾಗಿ ಬೇಕೆಂದೇ ಬದಲಾಯಿಸಿರುತ್ತಾರೆ. ನುಡಿಸುವಾಗ ಅದನ್ನು ಹಿಂದಕ್ಕೆ ತಿರುಗಿಸಲೇಬೇಕು. ಗ್ರಾಮಫೋನ್ ತಟ್ಟೆಯಲ್ಲಿ ಮಂದ್ರವನ್ನು ಪೂರ್ಣಬಲದಲ್ಲಿ ಕೊರೆದರೆ ಗೀರು ಅಗಲವಾಗಿ ಪಕ್ಕದ ಗೀರಿಗೆ ತಗಲುತ್ತದೆ. ಆದ್ದರಿಂದ ಮಂದ್ರವನ್ನು ತಗ್ಗಿಸಿ, ತಾರವನ್ನು ಹೆಚ್ಚಿಸಿ ಕೊರೆಯುತ್ತಿದ್ದರು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಇದಕ್ಕೊಂದು ಸಾಮಾನ್ಯ ಮಾನವನ್ನು ಗೊತ್ತುಪಡಿಸಿತು. ಅದಕ್ಕೆ ಮುಂಚಿನ ತಟ್ಟೆಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಪಿ. ಕಾಳಿಂಗರಾಯರ ಕಾಲದ 78 ಸುತ್ತಿನ ತಟ್ಟೆಯನ್ನು ಇಂದಿನ ಯಂತ್ರದಲ್ಲಿ ಹಾಗೆಯೇ ನುಡಿಸಿದರೆ ಕೇಳಿಸುವ ಧ್ವನಿಯ ತೂಕ ಅಂದು ಸ್ಟುಡಿಯೋದಲ್ಲಿದ್ದುದಲ್ಲ. ಇಲ್ಲಿ ಈಕ್ವಲೈಸರ್ ಬಳಸುವುದು ರುಚಿಯ ಮಾತಲ್ಲ. ಹಳಗನ್ನಡದ ಲಿಪಿಯನ್ನು ಓದಲು ಕಲಿತಂತೆ, ಬರೆದುದನ್ನು ಬರೆದಂತೆಯೇ ಓದುವ ಕ್ರಮ.

ಇನ್ನೂ ಹಿಂದಿನ, ಅಂದರೆ 1925ಕ್ಕೆ ಮುಂಚಿನ ಮುದ್ರಣಗಳ ಸ್ಥಿತಿ ಬೇರೆ. ಆಗ ಮುದ್ರಣಕ್ಕೆ ಮೈಕ್ರೊಫೋನ್ ಬಳಸುತ್ತಿರಲಿಲ್ಲ. ಕೊಂಬಿನಾಕಾರದ ಕೊಳವೆಯ ಮುಂದೆ ಹಾಡಬೇಕಿತ್ತು. ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಗಾಗಿ ಮದರಾಸಿನಲ್ಲಿ ಮಾಡಲಾದ ಕನ್ನಡ ಮುದ್ರಣಗಳು ಇದೇ ಯುಗಕ್ಕೆ ಸೇರಿದವು. ಈ ತಟ್ಟೆಗಳಲ್ಲಿ ಆಳದ ಮಂದ್ರವೂ ಎತ್ತರದ ತಾರವೂ ಮೊದಲಿಗೇ ದಾಖಲಾಗಿಲ್ಲ. ಇವನ್ನು ಈಕ್ವಲೈಸರಿನಿಂದ ‘ತುಂಬಿಸಲು’ ಹೊರಟರೆ ಮೇಲೇಳುವುದು ಮುಳ್ಳಿನ ಸದ್ದು ಮಾತ್ರ.

ಕ್ಯಾಸೆಟ್ಟಿನದು ನಮ್ಮ ಅಧ್ಯಯನಕ್ಕೆ ಹೆಚ್ಚು ಹತ್ತಿರದ ಸಂಗತಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ ಕರ್ನಾಟಕದ ಜನಪದ ಕಲೆಯ ಪ್ರಸಾರವನ್ನೇ ಬದಲಿಸಿತು. ಮಳವಳ್ಳಿ ಮಹದೇವಸ್ವಾಮಿಯವರಂತಹ ಗಾಯಕರ ಕಥನಗಳು ಮನೆಮನೆಗೆ ತಲಪಿದ್ದು ಇದರಿಂದಲೇ. ಕ್ಷೇತ್ರಕಾರ್ಯಕ್ಕೂ ಇದೇ ಆಧಾರವಾಯಿತು. ಆದರೆ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವ ಕಿರಿದಾದ ಪಟ್ಟಿಯ ಮೇಲೆ ತಾರಧ್ವನಿ ಬಲು ನಾಜೂಕಾಗಿ ಕುಳಿತಿರುತ್ತದೆ. ಓದುವ ತಲೆ ಕೂದಲೆಳೆಯಷ್ಟು ಓರೆಯಾದರೂ, ಅದರ ಮೇಲೆ ಕಂದು ಪುಡಿ ಅಂಟಿದರೂ ತಾರ ಮಾಯವಾಗುತ್ತದೆ. ‘ಧ್ವನಿ ಮಂಕಾಗಿದೆ’ ಎಂದು ಈಕ್ವಲೈಸರಿನಲ್ಲಿ 8,000 ಹರ್ಟ್ಜ್ ಗುಂಡಿಯನ್ನು ಮೇಲೆತ್ತುವವರು, ಮೊದಲು ತಲೆಯನ್ನು ಒರಸಿ ಅದರ ಓರೆಯನ್ನು ಸರಿಪಡಿಸಿದರೆ ಆ ಗುಂಡಿಯನ್ನು ಮುಟ್ಟಬೇಕಾದ ಪ್ರಸಂಗವೇ ಬರದಿರಬಹುದು. ಸುರುಳಿಯ ವೇಗ ತಪ್ಪಿದ್ದರೆ ಶ್ರುತಿಯೇ ಬದಲಾಗುತ್ತದೆ. ಅದಕ್ಕೆ ಈಕ್ವಲೈಸರ್ ಪರಿಹಾರವಲ್ಲ. ಮುದ್ರಿಸುವಾಗಲೇ ಧ್ವನಿ ಮಿತಿಮೀರಿ ಒಡೆದಿದ್ದರೆ ಅದಕ್ಕೂ ಅಲ್ಲ.

ಒಂದು ನಿದರ್ಶನ

ಬನಶಂಕರಿಯ ಮನೆಯೊಂದರಲ್ಲಿ 1980ರ ದಶಕದ ಕ್ಯಾಸೆಟ್ಟೊಂದು ದೊರೆಯಿತೆಂದು ಭಾವಿಸೋಣ. ಕೊಳ್ಳೇಗಾಲದ ಕಡೆಯ ಊರೊಂದರಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡಿದ ಮಾದೇಶ್ವರನ ಕಥನದ ಒಂದು ಭಾಗ ಅದರಲ್ಲಿದೆ. ಹಾಡಿದವರು ಈಗಿಲ್ಲ. ಮನೆಯವರ ಅಪೇಕ್ಷೆ ಮಾತು ಸ್ಪಷ್ಟವಾಗಿ ಕೇಳಬೇಕೆಂಬುದು. ಸಂಶೋಧಕನ ಅಪೇಕ್ಷೆ ಲಿಪ್ಯಂತರಕ್ಕೆ ಅನುಕೂಲವಾಗಬೇಕೆಂಬುದು. ಇಲ್ಲಿ ಅನುಸರಿಸಬೇಕಾದ ಕ್ರಮವನ್ನು ಹೀಗೆ ವಿವರಿಸಬಹುದು.

ಮೊದಲನೆಯದಾಗಿ, ಓದುವ ಯಂತ್ರವನ್ನು ಸಜ್ಜುಗೊಳಿಸಬೇಕು. ತಲೆಯನ್ನು ಶುಚಿಮಾಡಿ, ಹಾಡುಗಾರನ ‘ಸ’ಕಾರವೂ ಕಂಸಾಳೆಯ ನಾದವೂ ಅತಿ ಹರಿತವಾಗಿ ಕೇಳಿಸುವವರೆಗೆ ಅದರ ಓರೆಯನ್ನು ಹೊಂದಿಸಬೇಕು. ಎರಡನೆಯದಾಗಿ, ಏನನ್ನೂ ಬದಲಿಸದೆ ಕಂಪ್ಯೂಟರಿಗೆ ಇಳಿಸಬೇಕು. ಧ್ವನಿ ಮತ್ತು ದೃಶ್ಯಶ್ರವ್ಯ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಇಂತಹ ಮುದ್ರಣಗಳಿಗೆ ಸೆಕೆಂಡಿಗೆ 96,000 ಮಾದರಿಗಳ, 24 ಬಿಟ್‌ಗಳ ಮಾನವನ್ನು ಶಿಫಾರಸು ಮಾಡುತ್ತದೆ. 48,000ಕ್ಕಿಂತ ಕೆಳಗೆ ಇಳಿಯಬಾರದೆನ್ನುತ್ತದೆ. ಈ ಕಡತವೇ ಇನ್ನು ಮುಂದೆ ಮೂಲ ಪ್ರತಿ. ಇದನ್ನು ಯಾರೂ ತಿದ್ದತಕ್ಕದ್ದಲ್ಲ. ಮೂರನೆಯದಾಗಿ, ಅದರ ನಕಲನ್ನು ತೆಗೆದು, ಯಾವ ಗುಂಡಿಯನ್ನೂ ಮುಟ್ಟದೆ ಪೂರ್ತಿ ಕೇಳಬೇಕು. ಯಾವ ಸದ್ದು ಎಲ್ಲಿದೆ ಎಂದು ಬರೆದಿಟ್ಟುಕೊಂಡ ಮೇಲೆಯೇ ತಿದ್ದುಪಡಿ ಆರಂಭವಾಗಬೇಕು.

ಕೇಳುವಾಗ ಮೊದಲು ಗೋಚರವಾಗುವುದು ಕೆಳಗಿನ ಗುಡುಗುಟ್ಟುವಿಕೆ. ಮೈಕನ್ನು ಕೈಯಲ್ಲಿ ಹಿಡಿದದ್ದು, ಗಾಳಿ ಬಡಿದದ್ದು, ಯಂತ್ರದ ಮೋಟಾರು ಇವೆಲ್ಲ ಇಲ್ಲಿ ಸೇರುತ್ತವೆ. 60 ಅಥವಾ 70 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಕಂಠಕ್ಕೆ ಹಾನಿಯಿಲ್ಲದೆ ಇದು ಬಹುಪಾಲು ಹೋಗುತ್ತದೆ. ಕಂಸಾಳೆಯ ಕಥನಕ್ಕೆ ಇದು ಸಲ್ಲುತ್ತದೆ. ಆದರೆ ಡೊಳ್ಳಿನ ಮುದ್ರಣಕ್ಕೆ ಇದನ್ನೇ ಅನ್ವಯಿಸಿದರೆ ಡೊಳ್ಳಿನ ಎದೆಯನ್ನೇ ಕತ್ತರಿಸಿದಂತಾಗುತ್ತದೆ. ಆ ವಾದ್ಯದ ಗಂಭೀರನಾದ ಈ ಕೆಳಪಟ್ಟಿಯನ್ನೇ ಆಶ್ರಯಿಸಿರುತ್ತದೆ. ಎಲ್ಲ ಕಲೆಗಳಿಗೂ ಹೊಂದುವ ಒಂದೇ ಸೂತ್ರ ಇಲ್ಲವೆಂಬುದು ಇದರಿಂದ ವೇದ್ಯ.

ಎರಡನೆಯ ತೊಡಕು ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ. ಭಾರತದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತ ಹರಿಯುವುದರಿಂದ 50, 100, 150 ಹರ್ಟ್ಜ್‌ಗಳಲ್ಲಿ ಈ ಸದ್ದು ಕಾಣಿಸುತ್ತದೆ. ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ ಆಯಾ ಸ್ಥಾನವನ್ನು ಮಾತ್ರ ಬಲು ಕಿರಿದಾಗಿ ತೋಡಿ ತೆಗೆಯಬಹುದು. ಇಲ್ಲಿಯೂ ಎಚ್ಚರ ಬೇಕು. ಗಂಡುದನಿಯ ಮೂಲಸ್ವರ ಇದೇ ಎಡೆಯಲ್ಲಿ ಓಡಾಡುತ್ತಿರುತ್ತದೆ. ತೋಡುವ ಅಗಲ ಹೆಚ್ಚಾದರೆ ಕಂಠ ಟೊಳ್ಳಾಗುತ್ತದೆ.

ಮೂರನೆಯದು, 250ರಿಂದ 500 ಹರ್ಟ್ಜ್‌ಗಳ ನಡುವಣ ಮುಚ್ಚಿದ ಪೆಟ್ಟಿಗೆಯಂತಹ ಧ್ವನಿ. ಅಗ್ಗದ ಮೈಕು, ಚಿಕ್ಕ ಕೋಣೆ ಇದಕ್ಕೆ ಕಾರಣ. ಅಗಲವಾಗಿ ಎರಡು ಮೂರು ಡೆಸಿಬಲ್ ತಗ್ಗಿಸಿದರೆ ಮಾತು ಮುಂದೆ ಬರುತ್ತದೆ. ಅನೇಕ ವೇಳೆ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ. ಬೇಕಾದುದನ್ನು ಏರಿಸುವುದಕ್ಕಿಂತ ಬೇಡವಾದುದನ್ನು ಇಳಿಸುವುದು ಲೇಸೆಂಬುದು ಧ್ವನಿತಂತ್ರಜ್ಞರ ರೂಢಿಯ ತಿಳಿವಳಿಕೆ. ಅನಂತರವೂ ವ್ಯಂಜನಗಳು ಮಸುಕಾಗಿದ್ದರೆ 2,000ದಿಂದ 4,000 ಹರ್ಟ್ಜ್ ಪಟ್ಟಿಯನ್ನು ಎರಡು ಡೆಸಿಬಲ್‌ನಷ್ಟು ಎತ್ತಬಹುದು.

ನಾಲ್ಕನೆಯದೇ ನಿಜವಾದ ಪರೀಕ್ಷೆ. ಕಂಸಾಳೆಯೆಂಬುದು ಕಂಚಿನ ಜೋಡಿತಾಳ. ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ. ಅದರ ಮೊನಚು ನಾದ ಎತ್ತರದ ಪಟ್ಟಿಯಲ್ಲಿ ಬಹುದೂರ ಹರಡಿಕೊಂಡಿರುತ್ತದೆ. ಸುರುಳಿಯ ‘ಸುಯ್’ ಸದ್ದೂ ಅಲ್ಲಿಯೇ ಇದೆ. ಹಾಡುಗಾರನ ‘ಸ’ಕಾರ, ‘ಹ’ಕಾರದ ಉಸಿರು ಸಹ ಅಲ್ಲಿಯೇ ಇವೆ. 5,000 ಹರ್ಟ್ಜ್‌ನ ಮೇಲಿನದನ್ನು ಇಳಿಸಿದರೆ ಸುರುಳಿಯ ಸದ್ದು ಅಡಗಿ ಮುದ್ರಣ ‘ಶುಭ್ರ’ವಾಗುತ್ತದೆ. ಅದರೊಡನೆ ಕಂಸಾಳೆ ತಗಡಾಗುತ್ತದೆ, ‘ಸ’ಕಾರ ಮೊಂಡಾಗುತ್ತದೆ, ‘ಹಾಡು’ ‘ಆಡು’ವಾಗುತ್ತದೆ. ಪ್ರದರ್ಶನದ ಲಯವನ್ನು ಹಿಡಿದಿರುವುದು ಕಂಸಾಳೆ. ಯಾವ ಪದದ ಮೇಲೆ ಪೆಟ್ಟು ಬಿದ್ದಿತೆಂಬುದೇ ಛಂದಸ್ಸಿನ ಅಧ್ಯಯನಕ್ಕೆ ಆಧಾರ. ಆದ್ದರಿಂದ ಇಲ್ಲಿ ‘ಸುಯ್’ ಸದ್ದನ್ನು ಸಹಿಸಿಕೊಳ್ಳುವುದೇ ಸರಿಯಾದ ನಿರ್ಣಯ. ಕಿವಿ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಳೆದುಹೋದ ವ್ಯಂಜನಕ್ಕೆ ಮಾತ್ರ ಕಿವಿ ಎಂದೂ ಒಗ್ಗಿಕೊಳ್ಳುವುದಿಲ್ಲ.

ಕೊನೆಯದಾಗಿ ಹೋಲಿಕೆ. ತಿದ್ದಿದ ಧ್ವನಿಯನ್ನೂ ತಿದ್ದದ ಧ್ವನಿಯನ್ನೂ ಒಂದರ ಪಕ್ಕದಲ್ಲೊಂದಿಟ್ಟು ಕೇಳಬೇಕು. ಆಗ ಎರಡರ ಗಟ್ಟಿತನ ಒಂದೇ ಮಟ್ಟದಲ್ಲಿರಬೇಕು. ತುಸು ಗಟ್ಟಿಯಾದುದೇ ಹೆಚ್ಚು ಚೆನ್ನಾಗಿದೆಯೆಂದು ಕಿವಿ ಭ್ರಮಿಸುವುದು ಸಹಜ. ಗಟ್ಟಿತನವನ್ನು ಸಮಗೊಳಿಸಿದ ಮೇಲೆ, ಮಾಡಿದ ತಿದ್ದುಪಡಿಗಳಲ್ಲಿ ಅರ್ಧದಷ್ಟು ಅನಗತ್ಯವೆಂದು ಕಂಡುಬಂದರೆ ಆಶ್ಚರ್ಯವಿಲ್ಲ.

ನಗರದ ಕ್ಷೇತ್ರಕಾರ್ಯ

ಹಳೆಯ ಮುದ್ರಣಗಳ ಮಾತು ಹೀಗಾದರೆ ಹೊಸ ಮುದ್ರಣಗಳ ಸಮಸ್ಯೆ ಬೇರೆ ಬಗೆಯದು. ದಕ್ಷಿಣ ಬೆಂಗಳೂರಿನ ಬಡಾವಣೆಗಳು ಹಳ್ಳಿಗಳ ಮೇಲೆ ಬೆಳೆದವು. 1948ರಲ್ಲಿ ಆರಂಭವಾದ ಜಯನಗರದ ಸುತ್ತ ಭೈರಸಂದ್ರ, ಯಡಿಯೂರುಗಳಿದ್ದವು, ಜೆ.ಪಿ. ನಗರದ ಒಡಲಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿಗಳಿವೆ. ಬಿ.ಟಿ.ಎಂ. ಎಂಬ ಹೆಸರೇ ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳಿಂದಾದುದು. ಇಂತಹ ಹಳೆಯ ಊರುಗಳಲ್ಲಿ ಗ್ರಾಮದೇವತೆಯ ಉತ್ಸವಗಳು, ತಮಟೆಯ ಮೆರವಣಿಗೆಗಳು ನಗರದ ನಡುವೆಯೇ ಮುಂದುವರಿದಿವೆ. ಕ್ಷೇತ್ರಕಾರ್ಯವೆಂದರೆ ದೂರದ ಹಳ್ಳಿಗೆ ಹೋಗುವುದೆಂಬ ಭಾವನೆ ಬಿಟ್ಟು ಇವನ್ನು ದಾಖಲಿಸಬೇಕಾದ ಅಗತ್ಯವಿದೆ.

ಆದರೆ ಇಲ್ಲಿನ ಧ್ವನಿಪರಿಸರ ಕಠಿಣ. ತಮಟೆಯ ಪೆಟ್ಟು ಎರಡೂ ಬದಿಯ ಕಾಂಕ್ರೀಟು ಗೋಡೆಗಳಿಗೆ ಬಡಿದು ಮರಳುತ್ತದೆ. ಒಂದು ಪೆಟ್ಟು ಮೂರಾಗಿ ಕೇಳಿಸುತ್ತದೆ. ಈ ಮಾರ್ದನಿಯನ್ನು ಈಕ್ವಲೈಸರ್ ತೆಗೆಯಲಾರದು. ಏಕೆಂದರೆ ಮಾರ್ದನಿಯ ಕಂಪನಾಂಕಗಳೂ ಮೂಲದವೇ. ವಾಹನಗಳ ಮೊರೆತದಲ್ಲಿ ಕೆಳಗಿನ ಭಾಗವನ್ನು ಕತ್ತರಿಸಬಹುದಾದರೂ ಚಕ್ರದ ಸದ್ದು 1,000 ಹರ್ಟ್ಜ್‌ವರೆಗೂ ಹಬ್ಬಿ ಕಂಠದ ಜೊತೆ ಬೆರೆಯುತ್ತದೆ. ಹಾರನ್ನುಗಳಂತೂ ಮನುಷ್ಯನ ಕಿವಿ ಎಲ್ಲಿ ಚುರುಕಾಗಿದೆಯೋ ಅಲ್ಲಿಯೇ ಕೂಗುವಂತೆ ರೂಪುಗೊಂಡವು. ವ್ಯಂಜನಗಳ ಮನೆಯೂ ಅದೇ. ಬನಶಂಕರಿ ದೇವಾಲಯದ ಎದುರು ಶುಕ್ರವಾರದ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಹೆಣ್ಣುಮಕ್ಕಳು ಹೇಳುವ ಹಾಡನ್ನು ಮುದ್ರಿಸಿದರೆ ಕನಕಪುರ ರಸ್ತೆಯ ಹಾರನ್ನು, 2017ರಿಂದ ಮೇಲುಸೇತುವೆಯ ಮೇಲೆ ಓಡುತ್ತಿರುವ ಮೆಟ್ರೋ ರೈಲಿನ ಸದ್ದು ಒಳಬರುವುದು ಅನಿವಾರ್ಯ.

ಇದಕ್ಕೆ ನಿಜವಾದ ಪರಿಹಾರ ಮುದ್ರಣದ ಸಮಯದಲ್ಲಿಯೇ ಇದೆ. ಮೈಕನ್ನು ಹಾಡುಗಾರರಿಗೆ ಹತ್ತಿರ ಒಯ್ಯುವುದು ಯಾವ ಈಕ್ವಲೈಸರಿಗಿಂತಲೂ ಮಿಗಿಲು. ತೆರೆದ ಬಯಲಿನಲ್ಲಿ ದೂರವನ್ನು ಅರ್ಧಕ್ಕೆ ಇಳಿಸಿದರೆ ಹಾಡಿನ ಧ್ವನಿ ಸುಮಾರು 6 ಡೆಸಿಬಲ್ ಏರುತ್ತದೆ, ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಈಕ್ವಲೈಸರ್ ಎರಡನ್ನೂ ಹೀಗೆ ಬೇರ್ಪಡಿಸಲಾರದು. ಧ್ವನಿಯ ಈ ಸರಳ ತತ್ತ್ವಗಳನ್ನು ಅನುಭವದಿಂದ ಅರಿಯಲು ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ವಸ್ತುಸಂಗ್ರಹಾಲಯದ ಧ್ವನಿ ಉದ್ಯಾನ ಒಳ್ಳೆಯ ಪಾಠಶಾಲೆ. ಅಲ್ಲಿ ವಾದ್ಯಗಳನ್ನು ಮುಟ್ಟಿ, ತಟ್ಟಿ, ನಾದ ಹುಟ್ಟುವ ಬಗೆಯನ್ನು ತಿಳಿಯಬಹುದು. ಜಾನಪದ ವಿದ್ಯಾರ್ಥಿಗಳಿಗೆ ಇಂತಹ ತರಬೇತಿ ಪಠ್ಯಕ್ರಮದ ಭಾಗವಾಗಬೇಕಾಗಿದೆ.

ನಾದ ಯಾವುದು, ಗದ್ದಲ ಯಾವುದು

ಈಕ್ವಲೈಸರ್ ಬಳಸುವವನು ಪ್ರತಿ ಹೆಜ್ಜೆಯಲ್ಲೂ ಒಂದು ತೀರ್ಮಾನ ಕೈಗೊಳ್ಳುತ್ತಾನೆ: ಇದು ಬೇಕಾದ ಧ್ವನಿ, ಇದು ಬೇಡವಾದುದು. ಸ್ಟುಡಿಯೋ ಸಂಗೀತದಲ್ಲಿ ಈ ತೀರ್ಮಾನ ಸುಲಭ. ಜನಪದ ಪ್ರದರ್ಶನದಲ್ಲಿ ಹಾಗಲ್ಲ. ಕಥೆಗಾರನ ಮಾತಿಗೆ ಕೇಳುಗ ‘ಹೂಂ’ಗುಟ್ಟುವುದು ಕಥನದ ಅಂಗ. ನೀಲಗಾರರ ಗಗ್ಗರದ ಸದ್ದು ಹಾಡಿಗೆ ಅಡ್ಡಿಯಲ್ಲ, ಹಾಡಿನ ಹೆಜ್ಜೆ. ಸೋಬಾನೆಯ ನಡುವೆ ಮಗುವಿನ ಅಳು, ಒರಳಿನ ಸದ್ದು ಕೇಳಿದರೆ ಆ ಹಾಡು ಎಲ್ಲಿ, ಯಾರ ನಡುವೆ ಹುಟ್ಟಿತೆಂಬುದರ ಸಾಕ್ಷ್ಯ ಅದು. ಸಂದರ್ಭವನ್ನು ಬಿಟ್ಟು ಪಠ್ಯವಿಲ್ಲವೆಂದು ತರಗತಿಯಲ್ಲಿ ಬೋಧಿಸಿ, ಮುದ್ರಣದಲ್ಲಿ ಸಂದರ್ಭವನ್ನೇ ಅಳಿಸಿಹಾಕುವುದು ವಿರೋಧಾಭಾಸವಾಗುತ್ತದೆ.

ಈ ತೀರ್ಮಾನದಲ್ಲಿ ಸಮುದಾಯದ ಪಾತ್ರವೂ ಇರಬೇಕು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ ಮುದ್ರಣಗಳನ್ನು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಮರಳಿ ತಂದು ಮರುಅಧ್ಯಯನ ನಡೆಸಿದರು. ಹಳೆಯ ಧ್ವನಿಗೆ ಅದರ ಊರಿನ ಕಿವಿಯೇ ಮೊದಲ ವಿಮರ್ಶಕನೆಂಬ ನಿಲುವಿಗೆ ಇಂತಹ ಪ್ರಯತ್ನಗಳು ಇಂಬು ಕೊಡುತ್ತವೆ. ತಿದ್ದಿದ ಮುದ್ರಣವನ್ನು ಪರಂಪರೆಯ ಗಾಯಕರಿಗೆ ಕೇಳಿಸಿ, ‘ಕಂಸಾಳೆ ಹೀಗೆ ನುಡಿಯುತ್ತದೆಯೇ?’ ಎಂದು ವಿಚಾರಿಸುವುದು ಯಾವ ಮಾಪಕಕ್ಕಿಂತಲೂ ವಿಶ್ವಾಸಾರ್ಹ.

ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕಂಠವನ್ನೂ ವಾದ್ಯವನ್ನೂ ಗದ್ದಲವನ್ನೂ ಬೇರೆ ಬೇರೆಯಾಗಿ ಬಿಡಿಸಿಕೊಡುತ್ತಿವೆ. ಇವುಗಳ ಶಕ್ತಿ ದೊಡ್ಡದು, ಅಪಾಯವೂ ದೊಡ್ಡದು. ಈಕ್ವಲೈಸರ್ ಇದ್ದುದನ್ನು ಮಾತ್ರ ಏರಿಳಿಸಿದರೆ, ಇವುಗಳಲ್ಲಿ ಕೆಲವು ಕಳೆದುಹೋದುದನ್ನು ಊಹಿಸಿ ತುಂಬುತ್ತವೆ. ತಾಡವೋಲೆಯಲ್ಲಿ ಹುಳು ತಿಂದ ಜಾಗಕ್ಕೆ ಸಂಪಾದಕನು ತನ್ನ ಪದವನ್ನು ಸೇರಿಸಿ ಕಂಸದಲ್ಲಿ ಗುರುತಿಸದೆ ಬಿಟ್ಟರೆ ಆಗುವ ಅನರ್ಥವೇ ಇಲ್ಲಿಯೂ ಆಗುತ್ತದೆ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಸೂತ್ರಗಳನ್ನು ಹೊಂದಿಸಿಕೊಳ್ಳಬಹುದು. ತಿದ್ದದ ಮೂಲ ಪ್ರತಿಯನ್ನು ಎಂದೆಂದಿಗೂ ಉಳಿಸಬೇಕು. ಧ್ವನಿವಾಹಕದ ದೋಷವನ್ನು ಯಂತ್ರದಲ್ಲಿಯೇ ಸರಿಪಡಿಸಬೇಕು. ಉಳಿದ ತಿದ್ದುಪಡಿ ಕಡಿಮೆಯಾಗಿರಬೇಕು, ನಕಲಿನ ಮೇಲೆ ಮಾತ್ರ ನಡೆಯಬೇಕು. ಯಾವ ಕಂಪನಾಂಕವನ್ನು ಎಷ್ಟು ಡೆಸಿಬಲ್, ಯಾವ ಕಾರಣಕ್ಕೆ, ಯಾವ ದಿನ ಬದಲಿಸಲಾಯಿತೆಂಬ ಟಿಪ್ಪಣಿ ಕಡತದ ಜೊತೆಗಿರಬೇಕು. ಲಿಪ್ಯಂತರದಲ್ಲಿ ಸಂದೇಹ ಬಂದಾಗಲೆಲ್ಲ ಮೂಲ ಪ್ರತಿಗೆ ಮರಳಬೇಕು. ಮನೆಯವರಿಗೆ ಕೇಳಲು ಒಂದು ಪ್ರತಿ, ಲಿಪ್ಯಂತರಕ್ಕೆ ಒಂದು ಪ್ರತಿ, ಪ್ರಸಾರಕ್ಕೆ ಒಂದು ಪ್ರತಿ ಎಂದು ಬೇರೆ ಬೇರೆ ಸಿದ್ಧಪಡಿಸುವುದರಲ್ಲಿ ತಪ್ಪೇನಿಲ್ಲ. ಒಂದು ಕಾವ್ಯಕ್ಕೆ ವಿದ್ವತ್ ಆವೃತ್ತಿಯೂ ಜನಪ್ರಿಯ ಆವೃತ್ತಿಯೂ ಇರುವಂತೆ. ಜನಪ್ರಿಯ ಆವೃತ್ತಿಯೇ ಮೂಲವೆಂದು ಮುಂದಿನವರು ನಂಬುವಂತಾಗಬಾರದು, ಅಷ್ಟೇ.

ಕ್ಯಾಸೆಟ್ಟುಗಳ ಆಯುಷ್ಯ ಮುಗಿಯುತ್ತ ಬಂದಿದೆ. ಅವನ್ನು ನುಡಿಸುವ ಯಂತ್ರಗಳೂ ಅವನ್ನು ದುರಸ್ತಿ ಮಾಡಬಲ್ಲ ಕೈಗಳೂ ವಿರಳವಾಗುತ್ತಿವೆ. ಹಾಡಿದವರ ತಲೆಮಾರು ಕಳೆದುಹೋಗುತ್ತಿದೆ. ಬನಶಂಕರಿ, ಜಯನಗರಗಳ ಅಟ್ಟದ ಮೇಲಿರುವ ಸುರುಳಿಗಳನ್ನು ಇಳಿಸಿಕೊಳ್ಳುವ ಕೆಲಸ ತುರ್ತಾಗಿ ನಡೆಯಬೇಕಾಗಿದೆ. ಆ ತುರ್ತಿನಲ್ಲಿ, ಇಂದಿನ ಕಿವಿಗೆ ಹಿತವಾಗಲೆಂದು ಅಂದಿನ ಕಂಠದ ಉಸಿರನ್ನು ಅಳಿಸದಿರುವ ವಿವೇಕವೂ ಜೊತೆಗಿರಬೇಕು. ‘ಹಾಡು’ ಎಂದಿದ್ದರೆ ‘ಹಾಡು’ ಎಂದು, ‘ಆಡು’ ಎಂದಿದ್ದರೆ ‘ಆಡು’ ಎಂದು ಮುಂದಿನ ಸಂಶೋಧಕನಿಗೆ ಕೇಳಿಸುವಂತೆ ಉಳಿಸಿಕೊಡುವುದು ಸಂಗ್ರಾಹಕನ ಮೊದಲ ಹೊಣೆ.